ನಲವತ್ತೆರಡರ ಮುಂದೆ

ನವೆಂಬರ್ 6
ಏಳರ ಮಗ್ಗಿ ಶುರು. ಎರಡನೇ ಕ್ಲಾಸಿನವರಿಗೆ ಕಬ್ಬಿಣದ ಕಡಲೆ. ಬೆಳಿಗ್ಗೆ ಕೊಹರುವಿನ ಮೇಜಿನ ಮೇಲಿದ್ದ ಹೂದಾನಿಯ ನೀರು ಬದಲಿಸಿದೆ. ನಮ್ಮ ಕ್ಲಾಸಿನ ಆ ಮಗು ತೀರಿಕೊಂಡು ತಿಂಗಳಾಗುತ್ತ ಬಂತು. ಹಾಜರಿ ಕರೆಯುವಾಗ ನಾಲಿಗೆ ಇವತ್ತೂ ಅವಳ ಹೆಸರಿನವರೆಗೆ ಹೋಗಿ ನಿಂತಿತು. ಪಕ್ಕದ ಮೇಜಿನ ತೊಮೊಯೆ ಊಟದ ಹೊತ್ತಿಗೆ ತನ್ನ ಅರ್ಧ ಬ್ರೆಡ್ ಹೂದಾನಿಯ ಪಕ್ಕ ಇಡುತ್ತಾಳೆ. ದಿನವೂ. ಕಂಡೂ ಕಾಣದ ಹಾಗೆ ಇದ್ದೇನೆ.

ನವೆಂಬರ್ 11
ಪ್ರಾಣಿಗಳಿಗೆ ಶಕ್ತಿ ಎಲ್ಲಿಂದ? ಶಾಲೆಯ ಮೊಲವನ್ನೇ ತಂದು ಕೂರಿಸಿದೆ. ಎಲೆಕೋಸು ಕಚಕಚ.
"ತಿಂದಿದ್ದೇ ಶಕ್ತಿ. ತಿನ್ನದಿದ್ರೆ ಓಡೋಕಾಗಲ್ಲ, ಕುಪ್ಪಳಿಸೋಕಾಗಲ್ಲ."
ತೊಮೊಯೆ ಕೈ ಎತ್ತಿದಳು. "ನಡೆಯೋಕೂ ಆಗಲ್ವಾ ಸೆನ್ಸೇ?"
"ನಡೆಯೋಕೂ ಆಗಲ್ಲ."
ಯುಜುರು ಸುಮ್ಮನಿದ್ದಾನೆಯೇ! "ಹಂಗಾದ್ರೆ ಹೆಡ್ಮಾಸ್ಟರು ಅಷ್ಟೊಂದು ತಿಂದ್ರೂ ಮೆಟ್ಲು ಹತ್ತುವಾಗ ಯಾಕೆ ಏದುಸಿರು ಬಿಡ್ತಾರೆ?"
ಕ್ಲಾಸೆಲ್ಲ ನಗು. ನನಗೂ. ತೊಮೊಯೆ ನಗಲಿಲ್ಲ. ಊಟದ ಹೊತ್ತಿಗೆ ಹೂದಾನಿಯ ಪಕ್ಕ ಬ್ರೆಡ್ ಇರಲಿಲ್ಲ. ಮರೆಯುತ್ತಿದ್ದಾಳೆ ಅಂದುಕೊಂಡೆ. ಒಳ್ಳೆಯದೇ ಅಂತಲೂ.

ನವೆಂಬರ್ 18
ಚೌಕದ ಪಾಠ. ಬಣ್ಣದ ಕಾಗದದ ಚೂರು ಅಂಟಿಸುವುದು—ಸಾಲಿಗೆ ಏಳು, ಅಂಥ ಏಳು ಸಾಲು. ಚೌಕವೂ ಆಯಿತು, ಮಗ್ಗಿಯೂ ಆಯಿತು. ತೊಮೊಯೆಯದರಲ್ಲಿ ಮಾತ್ರ ಕೊನೆಯ ಮೂಲೆ ಖಾಲಿ. ಮಗ್ಗಿ ಒಪ್ಪಿಸುವಾಗಲೂ ಅಷ್ಟೇ. ಏಳಾರ್ಲ ನಲವತ್ತೆರಡು... ನಿಂತಳು.
"ಮುಂದೆ?"
ಕೂತುಬಿಟ್ಟಳು. ರೇಗಿಬಿಟ್ಟೆ.

ನವೆಂಬರ್ 20, ಸಂಜೆ
ಬೂಟು ಬಿಡುವ ಗೂಡುಗಳ ಹತ್ತಿರ ತೊಮೊಯೆ ಸಿಕ್ಕಳು.
"ಏಳರ ಮಗ್ಗಿ ನಿಂಗೆ ಬರುತ್ತೆ ಅಲ್ವೇನಮ್ಮ?"
"ಬರುತ್ತೆ. ಹೇಳಲ್ಲ."
"ಯಾಕೆ?"
"ಸತ್ತೋರು ನಲವತ್ತೊಂಬತ್ತು ದಿನ ಇಲ್ಲೇ ಇರ್ತಾರಂತೆ. ಆಮೇಲೆ ಹೊರಟೋಗ್ತಾರಂತೆ. ಅಜ್ಜಿ ಹೇಳಿದ್ರು. ನಾನು ಆ ಲೆಕ್ಕ ಹೇಳಲ್ಲ... ಬ್ರೆಡ್ಡೂ ಕೊಡಲ್ಲ. ಶಕ್ತಿ ಇಲ್ದಿದ್ರೆ ಕೊಹರು ನಡೆಯೋಕಾಗಲ್ಲ. ನೀವೇ ಹೇಳಿದ್ರಲ್ಲ."
ನಮ್ಮ ಜಪಾನಿನ ಮನೆಮನೆಯಲ್ಲೂ ಆಡುವ ಮಾತು. ನನಗೇಕೆ ಹೊಳೆಯಲಿಲ್ಲ? ಟೀಚರಂತೆ ಟೀಚರು! ಮಕ್ಕಳೆಲ್ಲ ಹೋದ ಮೇಲೆ ಮೊಲದ ಗೂಡಿನ ಹಿಂದೆ ನಿಂತು ಅತ್ತೆ.

ನವೆಂಬರ್ 25
ನಾಳೆಗೆ ನಲವತ್ತೊಂಬತ್ತು. ಪೂಜೆ ಮುಗಿಸಿ ಕೊಹರುವಿನ ಅಮ್ಮ ಬರುತ್ತಾರೆ. ಹೂದಾನಿ ಅವರ ಮನೆಗೆ, ಮೇಜು ಉಗ್ರಾಣಕ್ಕೆ. ಬೆಳಿಗ್ಗೆ ಮಕ್ಕಳಿಗೆ ಹೇಳಿದೆ.
ಊಟದಲ್ಲಿ ತೊಮೊಯೆ ಎದ್ದಳು. ಅರ್ಧವಲ್ಲ, ಇಡೀ ಬ್ರೆಡ್ ಹೂದಾನಿಯ ಪಕ್ಕ ಇಟ್ಟಳು.
"ಅಷ್ಟು ದೂರ ಹಸ್ಕೊಂಡು ಹೋಗೋದು ಬೇಡ ಸೆನ್ಸೇ."
ನನ್ನ ಬ್ರೆಡ್ ಅವಳಿಗೆ ಕೊಟ್ಟೆ. ತಿಂದಳು.

ನವೆಂಬರ್ 26
ಕೊಹರುವಿನ ಅಮ್ಮ ಬಂದರು. ಹೂದಾನಿ ಎತ್ತಿಕೊಂಡವರು ಹಾಗೇ ನಿಂತರು. "ಆಸ್ಪತ್ರೇಲಿ ಐದರ ಮಗ್ಗಿವರೆಗೂ ಕಲ್ತಿದ್ಲು. ಏಳರದ್ದು ಕಷ್ಟ ಅಂತೆ ಅಂತಿದ್ಲು... ಮಕ್ಕಳ ಹತ್ರ ಒಂದ್ಸಲ ಹೇಳಿಸ್ತೀರಾ?"
ತೊಮೊಯೆಯ ಕಡೆ ನೋಡಿ, ಹೂಂ ಅಂದೆ. ಎಲ್ಲರೂ ಎದ್ದರು. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ನಲವತ್ತೆರಡಕ್ಕೆ ಬರುತ್ತಲೇ ಇಡೀ ಕ್ಲಾಸು ನಿಂತುಬಿಟ್ಟಿತು, ಯುಜುರು ಕೂಡ. ಎಲ್ಲರ ಕಣ್ಣು ತೊಮೊಯೆಯ ಮೇಲೆ; ಅವಳ ಲೆಕ್ಕ ಮಕ್ಕಳಿಗೆಲ್ಲ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಖಾಲಿ ಮೇಜಿನ ಕಡೆ ತಿರುಗಿದಳು. ಅವಳೊಬ್ಬಳೇ, ಸಣ್ಣ ದನಿಯಲ್ಲಿ—
ಏಳೇಳ್ಲ