ಬೆನ್ನ ಮೇಲಿನ ಹೆಸರು

ಗೋರ್ನಿ ಬ್ರೆಗ್, ಬಲ್ಗೇರಿಯಾ
ಸೆಪ್ಟೆಂಬರ್ 21, ಶನಿವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಎತ್ತಿ ಕೂರಿಸುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀ ತಾನೆ? ನೇಪಲ್ಸಿನಲ್ಲಿ ಇನ್ನೂ ಸೆಖೆ ಇರಬಹುದು. ಇಲ್ಲಿ ಬೆಳಗಿನ ಹೊತ್ತು ಡ್ಯಾನ್ಯೂಬಿನ ಮೇಲೆ ಮಂಜು ಏಳತೊಡಗಿದೆ. ಯೋವಾ ಚೆನ್ನಾಗಿದ್ದಾಳೆ. ಎರಡು ಹಲ್ಲು ಬಂದಿವೆ, ಮೂರನೆಯದು ಒಡೆಯುತ್ತಿದೆ, ಹಾಗಾಗಿ ನನಗೆ ನಿದ್ದೆಯಿಲ್ಲ. ಹಲ್ಲು ಬರುವ ಮುಂಚೆಯೂ ಇರಲಿಲ್ಲವೆನ್ನು. ಅವಳು ಅತ್ತರೆ ಎದ್ದು ಕೂರುತ್ತೇನೆ, ಅಳದಿದ್ದರೆ ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ. ಈಗ ಮಲಗಿದ್ದಾಳೆ. ಇಟಲಿಗೆ ಹೊರಡುವ ವ್ಯಾನಿನ ಮಿಲ್ಕೊ ಐದಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಸುಟ್ಟ ಕೆಂಪು ಮೆಣಸಿನಕಾಯಿಯ ಚಟ್ನಿ ನಾಲ್ಕು ಜಾಡಿ, ಬಿಳಿ ಚೀಸು, ಜೊತೆಗೆ ಈ ಕಾಗದ. ಫೋನಿರುವಾಗ ಕಾಗದವೇಕೆ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯಮ್ಮ. ಕಾಗದವನ್ನು ತಿರುಗಿಸಿದರೂ ಅದರ ಹಿಂದೆ ನನ್ನದೇ ಬರಹ ಇರುತ್ತದೆ.

ಹೋದ ಭಾನುವಾರ ನಾನು ಎಪ್ಪತ್ತು ಕಿಲೋಮೀಟರು ಸೈಕಲ್ ತುಳಿದೆ. ಕಾಲೇಜಿನಲ್ಲಿ ನನ್ನ ಜೊತೆಗಿದ್ದ ಸ್ವಿಲೆನಾ ನೆನಪಿರಬೇಕಲ್ಲ, ಆ ದೊಡ್ಡ ಬಾಯಿಯವಳು. ಅವಳೂ ಇನ್ನು ನಲವತ್ತು ಜನರೂ ನದಿಯ ದಂಡೆಗುಂಟ ಆರು ದಿನ ಸೈಕಲ್ ತುಳಿದು ಹಣ ಎತ್ತುತ್ತಿದ್ದರು, ಹಸುಗೂಸುಗಳನ್ನು ಸಾಗಿಸುವ ಒಂದು ಆಂಬುಲೆನ್ಸಿಗಾಗಿ. ನಮ್ಮೂರಿನ ಮೇಲೆ ಹಾಯುವ ದಿನ ನನ್ನನ್ನೂ ಎಳೆದಳು. "ಒಂದೇ ಒಂದು ದಿನ ಬಾರೇ. ನಿಮ್ಮತ್ತೆ ಮಗೂನ ನುಂಗಿಬಿಡಲ್ಲ." ನೀನು ಕಾರ್ಖಾನೆಗೆ ಹೋಗುತ್ತಿದ್ದ ಹಸಿರು ಸೈಕಲ್ಲನ್ನೇ ಹೊರತೆಗೆದೆ. ಅದನ್ನು ನೋಡಿ ಅವಳು, "ಇದು ಸೈಕಲ್ಲೋ, ನಿಮ್ಮಜ್ಜನ ಕಬ್ಬಿಣದ ಮಂಚಕ್ಕೆ ಚಕ್ರ ಹಾಕ್ಸಿದ್ದೀಯೋ?" ಅಂದಳು. ಬಹಳ ದಿನಗಳ ಮೇಲೆ ನಕ್ಕೆ.

ಆದರೆ ಸವಾರರೆಲ್ಲರ ಬೆನ್ನ ಮೇಲೆ ಒಂದೊಂದು ಬಿಳಿ ಬಟ್ಟೆ, ಅದರ ಮೇಲೆ ಒಂದೊಂದು ಮಗುವಿನ ಹೆಸರು. ಸ್ವಿಲೆನಾ ನನ್ನದನ್ನೂ ಬರೆದು ತಂದಿದ್ದಳು, ನೀಲಿ ಅಕ್ಷರದಲ್ಲಿ, ಕಾಲಿನ್ ಎಂದು. ಪಿನ್ನು ಬಾಯಲ್ಲಿ ಕಚ್ಚಿಕೊಂಡೇ, "ಬೇಡ ಅಂದ್ರೆ ಈಗ್ಲೇ ಹೇಳ್ಬಿಡು," ಅಂದಳು. ನಾನು ಬೆನ್ನು ಕೊಟ್ಟು ನಿಂತೆ. ಆ ಹೆಸರನ್ನು ಹನ್ನೊಂದು ತಿಂಗಳಿಂದ ಯಾರೂ ಎತ್ತಿರಲಿಲ್ಲಮ್ಮ. ಹೆತ್ತ ಅಪ್ಪ ಪ್ಲಾಮೆನ್ನೇ ಎತ್ತುವುದಿಲ್ಲ, ನೋವಾಗುತ್ತದೆಂದು. ಅತ್ತೆ ಎತ್ತುವುದಿಲ್ಲ, ದೀಕ್ಷಾಸ್ನಾನವಾಗದೆ ಹೋದ ಕೂಸು, ಹೆಸರೆತ್ತಿದರೆ ಬದುಕಿರುವವಳಿಗೆ ಕೇಡೆಂದು. ನೀನು, "ಒಂದಾದ್ರೂ ಉಳೀತಲ್ಲ ಮಗಳೇ," ಅಂದೆ. ನಡೆದದ್ದು ನಿನಗೆ ಗೊತ್ತು, ಆದರೂ ಒಮ್ಮೆ ಬರೆಯಬೇಕು ನನಗೆ. ಇಬ್ಬರೂ ಎರಡು ತಿಂಗಳು ಮೊದಲೇ ಹುಟ್ಟಿದರು, ಯೋವಾ ಮೊದಲು, ಕಾಲಿನ್ ಎಂಟು ನಿಮಿಷ ಆಮೇಲೆ. ದೊಡ್ಡಾಸ್ಪತ್ರೆಗೆ ಒಯ್ಯಲು ಬಂದ ಗಾಡಿಯಲ್ಲಿದ್ದದ್ದು ಕೂಸನ್ನು ಬೆಚ್ಚಗಿಡುವ ಒಂದೇ ಗಾಜಿನ ಪೆಟ್ಟಿಗೆ. ಉಸಿರು ಗಟ್ಟಿಯಿದ್ದವಳನ್ನು ಒಯ್ದರು. ಗಾಡಿ ತಿರುಗಿ ಬರುವಷ್ಟರಲ್ಲಿ ಅವನಿಗೆ ಆರು ಗಂಟೆ ವಯಸ್ಸಾಗಿತ್ತು, ಅಷ್ಟೇ. ಯಾರದೂ ತಪ್ಪಲ್ಲ. ತಪ್ಪು ಯಾರದಾದರೂ ಆಗಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ.

ಮೊದಲ ಹಳ್ಳಿಯ ಚೌಕದಲ್ಲಿ ಹೆಂಗಸರು ಕಲ್ಲಂಗಡಿ ಹೆಚ್ಚಿಟ್ಟಿದ್ದರು, ಬಾನಿತ್ಸಾ ಬೇಯಿಸಿದ್ದರು, ನೀನು ಮಾಡುವಂತೆಯೇ ಪದರ ಪದರಕ್ಕೂ ಚೀಸು ತುಂಬಿ. ಕಪ್ಪು ತಲೆವಸ್ತ್ರದ ಒಬ್ಬ ಅಜ್ಜಿ ನನ್ನ ಬೆನ್ನ ಬಟ್ಟೆಯನ್ನು ಸರಿಮಾಡುತ್ತಾ ಅಕ್ಷರ ಕೂಡಿಸಿ ಓದಿದಳು. "ಕಾಲಿನ್. ನಿನ್ನ ಮಗನೇನೇ? ನೂರ್ಕಾಲ ಬಾಳ್ಲಿ, ಗಟ್ಟಿಮುಟ್ಟಾಗಿರ್ಲಿ." ಮಗುವಿನ ಹೆಸರು ಕಿವಿಗೆ ಬಿದ್ದರೆ ನಮ್ಮವರೆಲ್ಲ ಹೇಳುವ ಮಾತೇ. ಆಗಲೇ ಹೇಳಬೇಕಿತ್ತು. ನಾನು ತಲೆಬಾಗಿಸಿದೆ. ಎಷ್ಟು ತಿಂಗಳು ಅಂದಳು, ಹನ್ನೊಂದು ಅಂದೆ. ಹಲ್ಲು ಬಂತಾ ಅಂದಳು, ಎರಡು ಅಂದೆ. ಯೋವಾಳ ಹಲ್ಲುಗಳನ್ನು ತೆಗೆದು ಅವನಿಗೆ ಕೊಟ್ಟೆನಮ್ಮ. ಅಜ್ಜಿ ಬಾನಿತ್ಸಾದ ನಡುಭಾಗವನ್ನು, ಆ ಮೆತ್ತನೆಯದನ್ನು, ಕಾಗದದಲ್ಲಿ ಸುತ್ತಿ, "ಅವನ ವಸಡಿಗೆ ನೋವಾಗಲ್ಲ, ತಿನ್ಸು. ಸಂಜೆ ಚರ್ಚಿಗೆ ಹೋದಾಗ ಅವನ ಹೆಸರಲ್ಲೊಂದು ಮೇಣದಬತ್ತಿ ಹಚ್ತೀನಿ," ಅಂದಳು. ಆಮೇಲೆ ಇನ್ನೂ ಮೂರು ಹಳ್ಳಿ. ಎಲ್ಲಾ ಕಡೆ ಅದೇ ಹಾರೈಕೆ, ನನ್ನದು ಅದೇ ಹನ್ನೊಂದು ತಿಂಗಳು, ಅದೇ ಎರಡು ಹಲ್ಲು. ಒಂದಿಡೀ ದಿನ ನಾನು ಇಬ್ಬರ ತಾಯಿಯಾಗಿದ್ದೆ.

ಕೊನೆಯ ಏರಿನ ಮೇಲೆ, ಒಣಗಿನಿಂತ ಸೂರ್ಯಕಾಂತಿ ಹೊಲದ ಪಕ್ಕ, ಸ್ವಿಲೆನಾ ಸೈಕಲ್ ನಿಲ್ಲಿಸಿದಳು. "ಆ ಅಜ್ಜಿಗೆ ಹೇಳ್ಬೇಕಿತ್ತು ಕಣೇ. ಅವಳು ಬತ್ತಿ ಹಚ್ಚೋದು ಮೇಲಿನ ತಟ್ಟೇಲಿ, ಬದುಕಿರೋರ ಜೊತೆ." ನಾನು ದಾರಿಯ ಬದಿಯಲ್ಲೇ ಕೂತುಬಿಟ್ಟೆ. ಅಜ್ಜಿ ಮಾಡಿದ ತಪ್ಪಿಗಲ್ಲಮ್ಮ. ಕೆಳಗಿನ ಮರಳಿನ ತಟ್ಟೆಯಲ್ಲಿ, ಸತ್ತವರ ಸಾಲಿನಲ್ಲಿಯೂ, ಅವನಿಗೊಂದು ಬತ್ತಿಯನ್ನು ನಾವ್ಯಾರೂ ಹಚ್ಚಿಲ್ಲವೆಂದು ಆಗ ಹೊಳೆಯಿತು. ನನ್ನ ಮಗ ಮೇಲೂ ಇಲ್ಲ, ಕೆಳಗೂ ಇಲ್ಲ. ಜೇಬಿನಿಂದ ಆ ಬಾನಿತ್ಸಾದ ತುಂಡು ತೆಗೆದು ಸ್ವಿಲೆನಾಳ ಕೈಗಿಟ್ಟೆ. ತಿಥಿಯ ದಿನ ನೀನು ನೆರೆಯವರಿಗೆ ತಿಂಡಿ ಕೊಡುವಾಗ ಹೇಳುತ್ತೀಯಲ್ಲ, ಹಾಗೆಯೇ "ಕಾಲಿನ್‌ಗಾಗಿ" ಅಂದೆ. ಅವಳು, "ದೇವರು ಅವನನ್ನ ಕ್ಷಮಿಸ್ಲಿ," ಎಂದು ಒಂದು ಚೂರೂ ಉಳಿಸದೆ ತಿಂದಳು. ಆರು ಗಂಟೆ ಬದುಕಿದವನಲ್ಲಿ ಕ್ಷಮಿಸುವುದಕ್ಕೇನಿದೆಯೋ. ಆದರೂ ಸತ್ತವರಿಗೆಲ್ಲ ಹೇಳುವ ಆ ಮಾತನ್ನು ಅವನಿಗಾಗಿ ಒಬ್ಬರಾದರೂ ಆಡಿದರು.

ಸೋಮವಾರ ಯೋವಾಳನ್ನು ಎತ್ತಿಕೊಂಡು ಚರ್ಚಿಗೆ ಹೋದೆ. ಅವಳದು ಮೇಲೆ, ಅವನದು ಕೆಳಗೆ, ಎರಡನ್ನೂ ಒಂದೇ ಬೆಂಕಿಯಿಂದ ಹಚ್ಚಿದೆ. ಅತ್ತೆಗೆ ಹೇಳಿಲ್ಲ.

ಮುದುಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಂಡಿಗೆ ಮುಲಾಮು ಹಚ್ಚಿಕೊಳ್ಳುವುದನ್ನು ಬಿಡಬೇಡ. ಯೋವಾ ನಿನ್ನ ಫೋಟೋಗೆ ಕೈಬೀಸುತ್ತಾಳೆ.

ನಿನ್ನ ಮಗಳು,
ನೆವೆನಾ

ಮರೆತೆ: ಮಿಲ್ಕೊ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಕ್ಟೋಬರ್ ಹದಿನಾಲ್ಕಕ್ಕೆ ಕಾಲಿನ್ ಹೋಗಿ ವರ್ಷವಾಗುತ್ತದೆ. ಗೇಟಿನ ಮೇಲೆ ನೀನು ಅಂಟಿಸಿದ ಅಪ್ಪನ ಸಾವು ಸಾರುವ ಕಪ್ಪಂಚಿನ ಕಾಗದದ ಪಕ್ಕದಲ್ಲೇ ಅವನದನ್ನೂ ಅಂಟಿಸುತ್ತೇನೆ. ಅಚ್ಚಿಗೆ ಕೊಟ್ಟಿದ್ದೇನೆ, ಪ್ಲಾಮೆನ್ ಒಪ್ಪಿದ್ದಾನೆ. ಫೋಟೋ ಇಲ್ಲವಲ್ಲ, ಆ ಚೌಕವನ್ನು ಖಾಲಿ ಬಿಡಿಸಿದ್ದೇನೆ. ಕೆಳಗೆ ದುಃಖಿಸುವವರ ಸಾಲಿನಲ್ಲಿ ಅಮ್ಮ, ಅಪ್ಪ, ಅಕ್ಕ ಎಂದಿದೆ. ನಿನ್ನನ್ನೂ ಅಜ್ಜಿ ಎಂದು ಸೇರಿಸಲೇ? ಗುರುವಾರದೊಳಗೆ ಫೋನು ಮಾಡಿ ಹೇಳು. ಹೇಳುವಾಗ ಅವನ ಹೆಸರು ಹಿಡಿದು ಹೇಳಮ್ಮ.