ನಡುಗಿಸಿದ ನಿರ್ದೇಶನ

ನಿರ್ದೇಶಕರಿಗೆ,

ಅಣ್ಣ ಅನ್ನಿ ಎಂದಿದ್ದಿರಿ. ಈ ಪತ್ರದಲ್ಲಿ ಅನ್ನಲಾರೆ.

ಬಟ್ಟೆ ಕಾರ್ಖಾನೆಯವರ ಕಷ್ಟದ ಮೇಲೆ ಸಿನಿಮಾ ಎಂದು ನನ್ನನ್ನೇ ಹೊಲಿಗೆಯವಳ ಪಾತ್ರಕ್ಕೆ ಕರೆದಿರಿ. ಹೆದರುವ ದೃಶ್ಯವನ್ನು ಹನ್ನೊಂದು ಸಲ ಮಾಡಿದೆ. ತಪ್ಪೇನು ಎಂದು ಕೇಳಿದರೆ "ಸಹಜವಾಗಿ ಬರಲಮ್ಮ" ಅಂದಿರೇ ಹೊರತು ಬೇರೆ ಮಾತಿಲ್ಲ. ಹನ್ನೆರಡನೇ ಸಲ ಕ್ಯಾಮೆರಾದ ಹಿಂದಿನಿಂದ ದನಿ ಬಂತು: "ಏಯ್, ಕೈ ಓಡ್ಲಿ. ನಿಮ್ಮಪ್ಪನ ಮನೇನಾ ಇದು?"

ಅದು ನಮ್ಮ ಸೂಪರ್‌ವೈಸರ್. ನಾವು ದೂರು ಕೊಟ್ಟಿರುವುದೇ ಅವನ ಮೇಲೆ. ನನಗೆ ಹೇಳದೆ ಅವನನ್ನು ಕರೆಸಿದ್ದಿರಿ. ಕೈ ನಡುಗಿ, ಹೊಲಿಯುತ್ತಿದ್ದ ಕಾಲರಿನ ಬದಲು ಬೆರಳು ಸೂಜಿಯಡಿ ಹೋಯಿತು. ನೀವು "ಓಕೆ" ಅಂದು ಅವನ ಬೆನ್ನು ತಟ್ಟಿದಿರಿ.

ಒಂಬತ್ತು ವರ್ಷ ಅವನೆದುರು ಹೆದರದವಳಂತೆ ನಟಿಸಿದ್ದೆ. ಅವನಿಗೆ ಒಂದು ದಿನವೂ ಗೊತ್ತಾಗಿರಲಿಲ್ಲ. ಈಗ ದಿನಾ ಬೆಳಿಗ್ಗೆ ಎಲ್ಲರೆದುರು "ಏನು ನಡುಗಮ್ಮ, ಬಂದ್ಯಾ?" ಅನ್ನುತ್ತಾನೆ. ನನ್ನ ಧೈರ್ಯ ನಂಬಿ ದೂರಿಗೆ ಸಹಿ ಹಾಕಿದ್ದ ಹೆಂಗಸರು, "ಅಕ್ಕ, ನಮ್ಮ ಹೆಸರು ಹೊಡೆದುಹಾಕು" ಅನ್ನುತ್ತಿದ್ದಾರೆ.

ಆ ದೃಶ್ಯವನ್ನು ಕತ್ತರಿಸಿ. ಬೇಕಾದರೆ ಮತ್ತೆ ಬಂದು ನಡುಗಿ ತೋರಿಸುತ್ತೇನೆ; ಯಾಕೆ, ಎಷ್ಟು ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳಲು ಬಾರದಿದ್ದರೆ, ಪರದೆಯ ಮೇಲೆ 'ನಿರ್ದೇಶನ' ಎಂದಿರುವ ಕಡೆ ಅವನ ಹೆಸರು ಹಾಕಿ.

ಇತಿ,
ನಾಲ್ಕನೇ ಸಾಲಿನ ಹೊಲಿಗೆಯವಳು