ಜಾಡಿ ಹಿಡಿದ ಬಿಳಿ ಅಜ್ಜಿ

ಕಾಲೋನಿ, ಕಾಮಸಮುದ್ರ ರಸ್ತೆ,
ಬಂಗಾರಪೇಟೆ ತಾಲ್ಲೂಕು
23 ಜೂನ್ 2024, ಭಾನುವಾರ

ಪ್ರೀತಿಯ ಇಂದ್ರಾಣಿ ಅಕ್ಕನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರಗಳು. ಯುಗಾದಿಗೆ ನೀನು ಬಂದು ಹೋದ ಮೇಲೆ ಒಂದು ಸಾಲೂ ಬರೆದಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನ್ ಇರುವಾಗ ಕಾಗದವೇಕೆ ಎಂದು ಭಾವ ನಗಬಹುದು. ನಿನಗೇ ಗೊತ್ತಲ್ಲ, ಫೋನ್ ಬಂದ ಕೂಡಲೇ ಅಮ್ಮ ಸ್ಪೀಕರ್ ಹಾಕಿಬಿಡುತ್ತಾಳೆ. ಕಿವಿಗೆ ಹಿಡಿದು ಮಾತನಾಡುವುದು ಅವಳಿಗೆ ಇವತ್ತಿಗೂ ಒಗ್ಗಿಲ್ಲ. ನಮಗಿರುವುದು ಒಂದೇ ಕೋಣೆ. ಅವಳೆದುರು ಹೇಳಲಾಗದ ಮಾತಿಗೆ ಕಾಗದವೇ ಗತಿ.

ಪಾಪು ನಡೆಯುತ್ತಿದ್ದಾಳಾ? ಹೊಸೂರಿನಲ್ಲಿ ಮಳೆ ಬಂತಾ? ಇಲ್ಲಿ ಮೋಡ ಬಂದು ಆಂಧ್ರದ ಕಡೆ ಹೋಗುತ್ತದೆ. ಅಮ್ಮನ ಮಂಡಿನೋವು ಹಾಗೇ ಇದೆ. ಪಕ್ಕದ ಮನೆ ಅಕ್ಕಯ್ಯಮ್ಮನ ಮೇಕೆ ಮರಿ ಹಾಕಿದೆ. ಅದು ನಮ್ಮ ಮನೆಯೊಳಗೇ ಬಂದು ಮಲಗಿ ಸಾಸಿವೆ ಘಾಟಿಗೆ ಸೀನುತ್ತಿರುತ್ತದೆ. ಮನೆ ತುಂಬ ಆವಕಾಯಿ ಜಾಡಿಗಳು. ನಾನು ಕಾಲು ಮಡಚಿಕೊಂಡೇ ಮಲಗುತ್ತೇನೆ.

ಅಮ್ಮ, ಎದುರು ಮನೆ ಪಾಪಕ್ಕ, ಅಕ್ಕಯ್ಯಮ್ಮ ಮೂವರೂ ಇಟ್ಟಿಗೆ ಗೂಡಿನ ಕೂಲಿ ಬಿಟ್ಟು ಮಾವಿನಕಾಯಿ ಹೆಚ್ಚಲು ಕೂತಿದ್ದನ್ನು ನೀನೇ ನೋಡಿ ಹೋಗಿದ್ದೀಯ. ಬಂಗಾರಪೇಟೆ ಸ್ಟೇಷನ್ ಹೊರಗೆ ಉಪ್ಪಿನಕಾಯಿಯನ್ನು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದರು. ರೈಲು ಹಿಡಿಯುವ ಜನ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾರೆ, ಹೆಸರು ಕೇಳುವುದಿಲ್ಲ. ತಿಂದವರು ಮತ್ತೆ ಹುಡುಕಿಕೊಂಡು ಬಂದದ್ದೂ ಉಂಟು. ಆದರೆ ಬುಟ್ಟಿಯಲ್ಲಿ ಎಷ್ಟು ಹೋದೀತು? ಈ ಸಲ ಹಾಕಿದ್ದು ಹೋಗದಿದ್ದರೆ ಮೂವರೂ ಮತ್ತೆ ಗೂಡಿಗೇ. ಅಮ್ಮನ ಮಂಡಿ ಇನ್ನೊಂದು ವರ್ಷ ಇಟ್ಟಿಗೆ ಹೊರುವುದಿಲ್ಲ ಅಕ್ಕ. ಅದಕ್ಕೇ ನಾವೆಲ್ಲ ಸೇರಿ ಒಂದು ಸಂಘ ಮಾಡೋಣ, ಅದಕ್ಕೊಂದು ವೆಬ್‌ಸೈಟ್ ಇರಲಿ, ದೂರದವರೂ ತರಿಸಿಕೊಳ್ಳಲಿ ಎಂದು ಹಟ ಹಿಡಿದವಳು ನಾನು.

ರಾಬರ್ಟ್‌ಸನ್‌ಪೇಟೆಯಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಸೆಲ್ವರಾಜ್ ಅಣ್ಣ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರ್ ಬಳಸಿಕೊ ಎಂದರು. ಹೊಸದಾಗಿ ಕಟ್ಟುವುದು ನಮ್ಮ ಕೈಯಲ್ಲಾಗದು, ಯಾರೋ ಮೊದಲೇ ಮಾಡಿಟ್ಟ ಟೆಂಪ್ಲೇಟ್ ತೆಗೆದುಕೊಂಡು ನಮಗೆ ಬೇಕಾದಂತೆ ತಿದ್ದಿಕೊಳ್ಳಬೇಕು ಎಂದು ಅವರೇ ತೋರಿಸಿಕೊಟ್ಟರು. "ರೆಡಿಮೇಡ್ ಅಂಗಿ ತರ ಮಾ ಇದು. ಬಟನ್ ಬೇಕಾದ್ರೆ ಬದಲಾಯಿಸ್ಕೋ. ಕಾಲರ್ ಬಿಚ್ಚೋಕೆ ಹೋದ್ರೆ ಅಂಗಿನೇ ಬಿಚ್ಕೊಂಡುಬಿಡುತ್ತೆ" ಎಂದು ನಕ್ಕರು.

ನಾವು ಆರಿಸಿದ ಟೆಂಪ್ಲೇಟನ್ನು ಯಾವುದೋ ದೇಶದ ಉಪ್ಪಿನಕಾಯಿ ಅಂಗಡಿಗೆಂದು ಮಾಡಿದ್ದರಂತೆ. ತೆರೆದ ಕೂಡಲೇ ಒಬ್ಬಳು ಬಿಳಿ ಅಜ್ಜಿ. ಬೆಳ್ಳಿಗೂದಲು, ಹೂವಿನ ಏಪ್ರನ್, ಕೈಯಲ್ಲಿ ಗಾಜಿನ ಜಾಡಿ, ಹಿಂದೆ ಬಿಸಿಲು ಬಿದ್ದ ಕಿಟಕಿ. ಪಕ್ಕದಲ್ಲಿ "ನಮ್ಮ ಅಜ್ಜಿಯ ಕೈರುಚಿ" ಎಂಬರ್ಥದ ಇಂಗ್ಲಿಷ್ ಸಾಲು. ಕೆಳಗೆಲ್ಲ ಜಾಗ ತುಂಬಲು ಹಾಕಿದ ಅರ್ಥವಿಲ್ಲದ ಅಕ್ಷರಗಳು. ನಾನು ಫೋನಿನಲ್ಲಿ ತೋರಿಸಿದಾಗ ಪಾಪಕ್ಕ ಅದನ್ನೇ ದಿಟ್ಟಿಸಿ, "ಇದು ಅವ್ರ ದೇವ್ರ ಮಂತ್ರ ಇರ್ಬೋದು ಕಣಮ್ಮಿ, ಅಳಿಸ್ಬ್ಯಾಡ" ಎಂದಳು. ಮೇಲಿನ ಪಟ್ಟಿಯಲ್ಲಿ "ಹೋಮ್" ಎಂದಿದ್ದ ಮೊದಲ ಪದವನ್ನು ನಾನು "ಮನೆ" ಎಂದು ಕನ್ನಡ ಮಾಡಿದ್ದೆ. "ಅದನ್ನ ಒತ್ತಿದ್ರೆ ನಮ್ಮನೆ ಕಾಣ್ತೈತಾ? ಅಂಗಾದ್ರೆ ನಲ್ಲಿ ಬಂದು ವಾರ ಆಯ್ತು ಅಂತಾನೂ ಬರ್ದಾಕು" ಎಂದಳು ಅಕ್ಕಯ್ಯಮ್ಮ.

ನನ್ನ ಟ್ರಂಕಿನಲ್ಲಿರುವ ಕಿರುಹೊತ್ತಗೆಗಳನ್ನು ನೀನು ಇಲಿಗೆ ಮೇವು ಎನ್ನುತ್ತಿದ್ದೆಯಲ್ಲ, ಅವುಗಳಲ್ಲಿ ನಾನು ನಂಬಿದ ಮಾತು ಒಂದೇ. ದುಡಿದ ಕೈಯನ್ನು ಮರೆಮಾಡಿ ಮಾರಿದ್ದೆಲ್ಲ ಕದ್ದ ಮಾಲು. ಇವತ್ತಿಗೂ ಅದನ್ನು ನಂಬುತ್ತೇನೆ. ಬಿಳಿ ಅಜ್ಜಿಯನ್ನು ತೆಗೆದೆ. ಆ ಜಾಗಕ್ಕೆ ಅಮ್ಮನ ಫೋಟೋ ಹಾಕಿದೆ. ಹೊಸ್ತಿಲಲ್ಲಿ ಕೂತು, ಮೊಣಕೈವರೆಗೂ ಖಾರ ಮೆತ್ತಿಕೊಂಡು, ಯಾರೋ ಕರೆದಾಗ ತಿರುಗಿದ ಮುಖ. ಕೆಳಗೆ "ಕದಿರಮ್ಮ, ಪಾಪಕ್ಕ, ಅಕ್ಕಯ್ಯಮ್ಮ. ಇಲ್ಲಿ ಯಜಮಾನರಿಲ್ಲ, ದುಡಿಯುವವರೇ ಒಡೆಯರು" ಎಂದು ಬರೆದೆ. ವಿಳಾಸದಲ್ಲಿ ಈ ಕಾಗದದ ಮೇಲೆ ಬರೆದಿರುವಂತೆಯೇ "ಕಾಲೋನಿ" ಎಂದೇ ಹಾಕಿದೆ.

ಸೆಲ್ವರಾಜ್ ಅಣ್ಣ ಆ ಪದದ ಮೇಲೆ ಬೆರಳಿಟ್ಟು, ಇದು ಬೇಕಾ ಎಂಬಂತೆ ನನ್ನ ಕಡೆ ನೋಡಿದರು. ಆಮೇಲೆ ತಮಾಷೆ ಮಾಡಿದರು: "ಇರ್ಲಿ ಬಿಡು ಮಾ. ಬೆಂಗ್ಳೂರಲ್ಲಿ ಕಾಲೋನಿ ಅಂದ್ರೆ ಕಾರಿರೋರ ಏರಿಯಾ." ಇದನ್ನು ಮನೆಯಲ್ಲಿ ಹೇಳಿದಾಗ ಅಕ್ಕಯ್ಯಮ್ಮ, "ನಮ್ಮ ಕಾಲೋನಿಗೂ ಕಾರು ಬತ್ತೈತೆ, ಎಲೆಕ್ಷನ್‌ನಾಗೆ" ಎಂದಳು. ಎಲ್ಲರೂ ನಕ್ಕೆವು. ನಾವು ಒಟ್ಟಿಗೆ ನಕ್ಕಿದ್ದು ಅದೇ ಕೊನೆ ಇರಬೇಕು.

ಯಾರೂ ತರಿಸಿಕೊಳ್ಳಲಿಲ್ಲ ಎಂದಲ್ಲ ಅಕ್ಕ. ತರಿಸಿಕೊಳ್ಳುವ ಮೊದಲು ಫೋನ್ ಮಾಡುತ್ತಿದ್ದರು. ಕೋಲಾರದ ಹೆಂಗಸೊಬ್ಬರು ಸ್ಟೇಷನ್‌ನಲ್ಲಿ ಕೊಂಡು ತಿಂದಿದ್ದರಂತೆ, ತುಂಬ ಹೊಗಳಿದರು. ಮಗಳ ಮದುವೆಗೆ ಬೇಕು ಎಂದರು. ವೆಬ್‌ಸೈಟ್ ತೆರೆದು ನೋಡುತ್ತಲೇ ಮಾತನಾಡುತ್ತಿದ್ದರು ಎಂದು ಕಾಣುತ್ತದೆ. ಮಾತಿನ ನಡುವೆ, "ಕಾಲೋನಿ ಅಂದ್ರೆ... ಊರ ಹೊರಗಿರೋದಾ?" ಎಂದರು. ಅಮ್ಮ "ಊಂ ಕಣಮ್ಮ" ಎಂದಳು. "ಹೌದಾ. ಮನೇಲಿ ಕೇಳಿ ಹೇಳ್ತೀನಿ" ಎಂದು ಇಟ್ಟುಬಿಟ್ಟರು. ಆಮೇಲೆ ಬಂದ ಫೋನುಗಳೂ ಬೇರೆ ಬೇರೆ ಬಾಯಿಂದ ಅದನ್ನೇ ಹೇಳಿದವು. ತಿಂದ ನಾಲಿಗೆ ಅದೇ, ಆವಕಾಯಿ ಅದೇ, ನಡುವೆ ಬಂದದ್ದು ಒಂದು ಪದ. ಬೆಂಗಳೂರಿನಲ್ಲಿ ಅದರ ಅರ್ಥ ಬೇರೆ ಇರಬಹುದು. ನಮ್ಮ ಸೀಮೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಮೂವರೂ ಬಸ್ ಹತ್ತಿ ಅಂಗಡಿಗೇ ಬಂದರು. ಅಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತಳು. ಮಾತು ಪಾಪಕ್ಕನದೇ.

"ಅಮ್ಮಿ, ಆ ಬೆಳ್ಳಗಿರೋ ಅಜ್ಜಿ ಇನ್ನೂ ಐತಾ? ಇಲ್ಲಾ ಎಸ್ದ್‌ಬಿಟ್ಯಾ?"

ಇದ್ದಾಳೆ, ಏಕೆ ಎಂದೆ.

"ವಾಪಸ್ ಆಕು. ನಮ್ಮನ್ನ ತೆಗಿ."

ನಾನು ಎದ್ದು ನಿಂತೆ. ಓದಿದ್ದೆಲ್ಲ ಹೇಳಿದೆ. ನಿಮ್ಮ ಮುಖ ನೀವೇ ಅಳಿಸಿಕೊಳ್ಳುತ್ತೀರಾ, ಅವರಿಗೆ ನಾಚಿಕೆಯಾಗಬೇಕೇ ಹೊರತು ನಮಗಲ್ಲ ಎಂದೆ. ಜೆರಾಕ್ಸ್ ಮಾಡಿಸಲು ಬಂದವರು ತಿರುಗಿ ನೋಡಿದರು.

"ನಮಗೆ ನಾಚಿಕೆ ಅಂತ ಯಾರಂದ್ರು?" ಪಾಪಕ್ಕ ತಣ್ಣಗೆ ಕೇಳಿದಳು. "ಜಾಡಿ ಕಾಲಿ ಆಗ್ಬೇಕು, ಅಷ್ಟೇ. ಈವಮ್ಮನ್ನ ನೋಡಿ ಯಾವ ಜಾತಿ ಅಂತ ಯಾವನೂ ಕೇಳಾಕಿಲ್ಲ. ಕೇಳಿದ್ರೂ ಏಳಾಕೆ ಅವಳಿಗೆ ಕನ್ನಡ ಬರಾಕಿಲ್ಲ."

ಅಕ್ಕಯ್ಯಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಇದು ನಮ್ಮ ಸಂಘ, ಹೀಗೆ ಬಂದು ಅಪ್ಪಣೆ ಕೊಡುವ ಹಾಗಿಲ್ಲ ಎಂದುಬಿಟ್ಟೆ.

"ಅಪ್ಪಣೆ ಅಲ್ಲ ಕಣಮ್ಮಿ. ನೀನೇ ಏಳ್ಕೊಟ್ಟಿದ್ದಲ್ಲ, ಯಾರೂ ಯಜಮಾನ್ರಿಲ್ಲ, ಎಲ್ರೂ ಕೈ ಎತ್ತಿ ತೀರ್ಮಾನ ಅಂತ. ಎತ್ತಾಣ."

ಪಾಪಕ್ಕ ಎತ್ತಿದಳು. ಅಕ್ಕಯ್ಯಮ್ಮ ಎತ್ತಿದಳು. ಅಮ್ಮ ನನ್ನ ಮುಖ ನೋಡದೆ, ಸೆರಗಿನೊಳಗಿದ್ದ ಕೈಯನ್ನು ಎಲ್ಲರಿಗಿಂತ ನಿಧಾನವಾಗಿ ಮೇಲೆತ್ತಿದಳು. ಉಗುರಿನ ಸಂದಿಯ ಅರಿಶಿನ ಹೋಗಿರಲಿಲ್ಲ. ನಾನು ಕಂಪ್ಯೂಟರ್ ಮುಂದೆ ಕೂತೆ. ಕಟ್ಟಲು ಅಷ್ಟು ದಿನ ಹಿಡಿದದ್ದನ್ನು ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಜ್ಜಿ ತನ್ನ ಕಿಟಕಿಗೆ ವಾಪಸಾದಳು. ಹೆಸರುಗಳು ಹೋದವು. "ಕಾಲೋನಿ" ಇದ್ದ ಕಡೆ "ಎರಡನೇ ಅಡ್ಡರಸ್ತೆ" ಬಂತು. ನಮ್ಮಲ್ಲಿ ಒಂದನೆಯದೇ ಇಲ್ಲ. ಮೊದಲ ಸಲ ಬಂದ ಕೊರಿಯರ್‌ನವನು ದಾರಿ ತಪ್ಪಿ ಫೋನ್ ಮಾಡಿದಾಗ ಪಾಪಕ್ಕ, "ಮೇಕೆ ಕಟ್ಟಿರೋದೇ ಸೆಕೆಂಡ್ ಕ್ರಾಸ್, ಬಾಪ್ಪ" ಎಂದು ಕೂಗಿದಳು.

ಈಗ ಜಾಡಿಗಳು ಹೋಗುತ್ತಿವೆ ಅಕ್ಕ. ಇದನ್ನು ಸಂತೋಷದ ಸುದ್ದಿ ಎಂದೇ ಓದಿಕೊ. ಕೋಲಾರ, ಬೆಂಗಳೂರು, ಒಂದು ಸಲ ಮೈಸೂರಿಗೂ ಹೋಯಿತು. ಮೂವರೂ ಗೂಡಿಗೆ ಹೋಗುವ ಮಾತು ನಿಂತಿದೆ. ಸಂಜೆ ಬಂದು ನಾನು ಜಾಡಿಗಳ ಬಾಯಿ ಕಟ್ಟುತ್ತೇನೆ, ಚೀಟಿ ಅಂಟಿಸುತ್ತೇನೆ. ಚೀಟಿಯ ಮೇಲೂ ಅಜ್ಜಿಯೇ ಇದ್ದಾಳೆ. ಅಂಟಿಸುತ್ತಾ ಅಂಟಿಸುತ್ತಾ ಅವಳ ಮುಖ ನನಗೆ ನಿನ್ನ ಮುಖಕ್ಕಿಂತ ಪರಿಚಯವಾಗಿದೆ. ಜಗಳವಾಡುವ ಶಕ್ತಿ ಇಲ್ಲ. ಟ್ರಂಕು ತೆರೆದು ಬಹಳ ದಿನವಾಯಿತು. ಓದಿದ್ದು ಸುಳ್ಳೆನಿಸಿ ಅಲ್ಲ, ದಣಿವು ಅಷ್ಟೇ. ಸೋಲಿಸಿದವರು ಎದುರಾಳಿಗಳಾಗಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ.

ನೀನು ಆರೋಗ್ಯ ನೋಡಿಕೊ. ರಾತ್ರಿ ಪಾಳಿ ಮಾಡಿ ಬಂದು ಅನ್ನ ಬಿಟ್ಟು ಮಲಗಬೇಡ. ಭಾವನಿಗೆ ನಮಸ್ಕಾರ. ಪಾಪುವಿಗೆ ಚಿಕ್ಕಮ್ಮನ ಆಶೀರ್ವಾದ. ಬೇಗ ನಡೆಯಲಿ, ತನ್ನ ಬೀದಿಯ ಹೆಸರನ್ನು ಬಾಯಿ ತುಂಬ ಹೇಳುವಂತಾಗಲಿ.

ನಿನ್ನ ತಂಗಿ,
ಸುಕನ್ಯ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಮೊನ್ನೆ ನಾನು ಮನೆಯಲ್ಲಿದ್ದೆ. ಅಮ್ಮ ಹೊಸದಾಗಿ ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸುತ್ತಿದ್ದಳು. ಫೋನ್ ಬಂತು, ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದಳು. ಯಾರೋ ಹೆಂಗಸು. "ಇದನ್ನ ಮಾಡೋದು ಯಾರು? ಮಡಿ ಗಿಡಿ ನೋಡ್ತೀರಾ?" ಎಂದು ಕೇಳಿದರು. ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಅಮ್ಮಾವ್ರು ಮಾಡ್ತಾರೆ ಕಣಮ್ಮ. ಪೂಜೆಗೆ ಕೂತವ್ರೆ. ನಾನು ಪಾತ್ರೆ ತೊಳಿಯೋಳು. ಆವಕಾಯಿ ನಾನು ಮುಟ್ಟಾಕಿಲ್ಲ" ಎಂದಳು. ಆಕೆ ಜಾಡಿಗಳನ್ನು ಕಳಿಸಲು ಹೇಳಿದರು. ಅಮ್ಮ "ಆಗ್ಲಿ ಕಣಮ್ಮ, ಅಮ್ಮಾವ್ರಿಗೆ ಏಳ್ತೀನಿ" ಎಂದು ಮುಗಿಸಿದಳು. ಆ ಮಾತು ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಅವಳು ಅದನ್ನು ಹೇಳುತ್ತಿರುವುದು ಅದೇ ಮೊದಲಲ್ಲ ಎಂದು ಗೊತ್ತಾಯಿತು.

ಆಮೇಲೆ ಬೆರೆಸುತ್ತಿದ್ದ ಕೈಯಿಂದಲೇ ಒಂದು ಹೋಳು ತೆಗೆದು ನನ್ನ ಕಡೆ ಚಾಚಿ, "ಉಪ್ಪು ಸರಿಯಾಗೈತಾ ನೋಡಮ್ಮಿ" ಎಂದಳು. ತಿಂದೆ. ಏನು ಹೇಳಿದೆನೋ ನೆನಪಿಲ್ಲ.

ನೀನು ಮುಂದಿನ ಸಲ ಫೋನ್ ಮಾಡಿದಾಗ ಇದನ್ನೆಲ್ಲ ಎತ್ತಬೇಡ ಅಕ್ಕ. ಆವಕಾಯಿಗೆ ಉಪ್ಪು ಎಷ್ಟು ಹಾಕಬೇಕಮ್ಮ, ನಿನ್ನ ಹಾಗೆ ನನಗೆ ಬರುವುದಿಲ್ಲ ಎಂದು ಕೇಳು. ನಿನಗೆ ಗೊತ್ತಿದೆ, ಆದರೂ ಕೇಳು. ಹೇಗೂ ಸ್ಪೀಕರ್ ಹಾಕಿರುತ್ತಾಳೆ. ಅವಳು ಹೇಳುವುದನ್ನು ನಾನೂ ಕೇಳಿಸಿಕೊಳ್ಳಬೇಕು.